ಗೆದ್ದವನ ಮನೆಯ ಪರದೆ

1615ರಲ್ಲಿ ಜಪಾನಿನ ಒಸಾಕಾ ಕೋಟೆ ಟೊಕುಗಾವಾ ಸೈನ್ಯದ ವಶವಾಯಿತು. ಆ ಯುದ್ಧವನ್ನು ಚಿತ್ರಿಸಿದ ಹಳೆಯ ಜೋಡಿ ಪರದೆಗಳು ಇಂದು ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿವೆ. ಒಂದೊಂದಕ್ಕೂ ಆರು ಮಡಿಕೆ. ಗೆದ್ದ ಪಕ್ಷದ ಕುರೋಡಾ ನಾಗಮಾಸಾ ಬರೆಯಿಸಿದನೆಂದು ಪ್ರತೀತಿ. ಬಲಗಡೆಯ ಪರದೆಯ ತುಂಬ ಸಮುರಾಯ್‌ಗಳ ಕಾಳಗ. ಎಡಗಡೆಯದರಲ್ಲಿ ಗಂಟುಮೂಟೆ ಹೊತ್ತು ಓಡುವ ಜನ. ಅವರನ್ನು ದೋಚುವ, ಹೆಂಗಸರನ್ನು ಎಳೆದೊಯ್ಯುವ ಸೈನಿಕರು.

ಗೆದ್ದವನು ತನ್ನವರ ಪಾಪವನ್ನೂ ಬರೆಯಿಸಿದನೆಂದರೆ ಅದು ಪಶ್ಚಾತ್ತಾಪವೋ, ಮನೆಯ ಅಲಂಕಾರವೋ? ಕಥೆ ಬರೆಯುವ ನನಗೂ ಈ ಅಳುಕಿದೆ. ಪರರ ಕಣ್ಣೀರನ್ನು ಅಂದವಾಗಿ ಬರೆದು ಮೆಚ್ಚುಗೆ ಪಡೆದವನು ನಾನು. ತಪ್ಪನ್ನು ಚಿತ್ರಿಸಿದರೆ ಋಣ ತೀರುವುದಿಲ್ಲ. ಆದರೂ ಆ ಎಡಗಡೆಯ ಪರದೆ ಇಲ್ಲದಿದ್ದರೆ, ಬಲಗಡೆಯ ಶೌರ್ಯವನ್ನಷ್ಟೇ ನೋಡಿ ನಾವು ತಲೆದೂಗುತ್ತಿದ್ದೆವು.