ಕೂಡಿದ ಮೇಲೆ

ಗಳಗನಾಥದ ಗಳಗೇಶ್ವರ ಗುಡಿಯ ಬಳಿ ವರದೆ ತುಂಗಭದ್ರೆಯನ್ನು ಸೇರುತ್ತಾಳೆ. ಮುಂದೆ ಹೊಳೆಗೆ ತುಂಗಭದ್ರೆಯೆಂದೇ ಹೆಸರು. ವರದೆಯ ನೀರು ಯಾವುದೆಂದು ಯಾರೂ ಬೇರೆಮಾಡಿ ತೋರಿಸಲಾರರು. ದೊಡ್ಡದರೊಡನೆ ಕೂಡಿದ ಚಿಕ್ಕದಕ್ಕೆ ಇದೇ ಗತಿಯೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಸಂಖ್ಯೆಗಳ ಲೋಕದಲ್ಲಿ ಹಾಗಿಲ್ಲ. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ. 13,62,79,841 ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ದೊರೆಯುವ ಸಂಖ್ಯೆ ಅಂಥದೆಂದು 2024ರಲ್ಲಿ ತಿಳಿದುಬಂತು. ಅದನ್ನು ಬರೆಯಲು 4,10,24,320 ಅಂಕಿಗಳು ಬೇಕು! ಈ ದೈತ್ಯನನ್ನು ಪುಟ್ಟ ಮೂರರಿಂದ ಗುಣಿಸಿದಿರೆನ್ನಿ. ಗುಣಲಬ್ಧದಲ್ಲಿ ಮೂರು ಕರಗಿಹೋಗುವುದಿಲ್ಲ. ಈ ಎರಡರ ಹೊರತು ಬೇರೆ ಯಾವ ಅವಿಭಾಜ್ಯಗಳನ್ನು ಗುಣಿಸಿದರೂ ಆ ಸಂಖ್ಯೆ ಬಾರದು. ದೈತ್ಯನೆಷ್ಟು ಅಗತ್ಯವೋ ಮೂರೂ ಅಷ್ಟೇ ಅಗತ್ಯ.

ನಮ್ಮ ಲೆಕ್ಕವೋ ಹೊಳೆಯ ಲೆಕ್ಕ. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಮಣ್ಣು ಹೊತ್ತವಳದು ಕಾಣದು. 'ಅಷ್ಟು ಜನರಲ್ಲಿ ಯಾರ ಪಾಲು ಎಷ್ಟೆಂದು ಹೇಳುವುದು?' ಎನ್ನುವವರುಂಟು. ಬೇರ್ಪಡಿಸಲಾಗದು, ನಿಜ, ಅಷ್ಟರಿಂದ ಪಾಲೇ ಇರಲಿಲ್ಲವೆಂದಾಗದು. ಹೊಳೆಗೆ ನೆನಪಿಲ್ಲ, ಅದು ಅದರ ತಪ್ಪಲ್ಲ. ನಮಗೆ ನೆನಪಿದೆ, ಆದ್ದರಿಂದಲೇ ಋಣವೂ ಇದೆಯೆಂದು ನನಗೆ ತೋರುತ್ತದೆ.