ಇದ್ದ ಹಾಗೇ ತೆಗೀರಿ

ನನ್ನ ಟ್ರಂಕಿನ ತಳದಲ್ಲಿ ಒಂದು ಫೋಟೋ ಇದೆ. 1978ರಲ್ಲಿ ಹೊಳೆನರಸೀಪುರದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದಿನ ಪರದೆಯ ಮೇಲೆ ಅರಮನೆಯ ಮೆಟ್ಟಿಲು, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಚಿಕ್ಕಮ್ಮನ ರೇಷ್ಮೆ ಸೀರೆ ಉಟ್ಟು, ಪಕ್ಕದ ಮನೆಯವರ ಕೈಗಡಿಯಾರ ಕಟ್ಟಿಕೊಂಡು ನಾನು ನಿಂತಿದ್ದೇನೆ. ಸೀರೆ ನನ್ನದಲ್ಲ, ಗಡಿಯಾರ ನನ್ನದಲ್ಲ, ಅರಮನೆಯಂತೂ ಅಲ್ಲವೇ ಅಲ್ಲ. ಅವೆಲ್ಲ ಹೋಗಲಿ, ಆ ಫೋಟೋದಲ್ಲಿರುವ ಮೈಬಣ್ಣವೂ ನನ್ನದಲ್ಲ.

ಚನ್ನರಾಯಪಟ್ಟಣದ ಕಡೆಯ ಒಂದು ಮನೆಗೆ ಕಳಿಸಲೆಂದು ತೆಗೆಸಿದ ಫೋಟೋ ಅದು. ಅವರು ಒಪ್ಪಿ ಹುಡುಗಿ ನೋಡಲು ಬಂದರು. ಹುಡುಗನ ಸೋದರತ್ತೆ ಫೋಟೋವನ್ನು ಬ್ಯಾಗಿನಿಂದ ತೆಗೆದು, ಒಮ್ಮೆ ಅದನ್ನೂ ಒಮ್ಮೆ ನನ್ನನ್ನೂ ನೋಡಿ, “ಇದು ಇವಳ ಅಕ್ಕನ ಫೋಟೋನಾ?” ಎಂದು ಕೇಳಿದರು. ನನಗೆ ಅಕ್ಕ ಇಲ್ಲ. ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕಾಗದ ಬರೆಯುತ್ತೇವೆಂದು ಹೇಳಿ ಎದ್ದರು. ಕಾಗದ ಬರಲಿಲ್ಲ.

ಆ ರಾತ್ರಿ ಅಮ್ಮ ಫೋಟೋ ತೆಗೆದವನನ್ನು ಬೈದದ್ದೇ ಬೈದದ್ದು. ಅಪ್ಪ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು: “ಅವನಿಗೆ ಬೆಳ್ಳಗೆ ಮಾಡು ಅಂದವರು ಯಾರು?” ಅಮ್ಮ ಸುಮ್ಮನಾದಳು. ಸ್ಟುಡಿಯೋದಿಂದ ಹೊರಡುವಾಗ ಅವಳು ಮೆಲ್ಲಗೆ, “ಸ್ವಲ್ಪ ನೋಡಿ ಮಾಡಿ” ಎಂದಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ನಾನು ತಡೆದಿರಲಿಲ್ಲ. ನಿಜ ಹೇಳಬೇಕೆಂದರೆ, ಫೋಟೋ ಕೈಗೆ ಬಂದಾಗ ಮೂರು ದಿನ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದೆ. ಅಷ್ಟು ಚೆನ್ನಾಗಿದ್ದೆ!

ಹಾಗಾದರೆ ಸುಳ್ಳು ಹೇಳಿದವರು ಯಾರು? ತಿದ್ದಿದ ಅವರೇ, ತಿದ್ದಿಸಿದ ಅಮ್ಮನೇ, ನೋಡಿ ಹಿಗ್ಗಿದ ನಾನೇ? ಅಥವಾ ಬಿಳಿ ಬಣ್ಣವೊಂದನ್ನೇ ಬಣ್ಣವೆಂದು ನಂಬಿ, ಬ್ಯಾಗಿನಲ್ಲಿ ಫೋಟೋ ಹೊತ್ತು ಮನೆಮನೆ ಸುತ್ತುತ್ತಿದ್ದ ಆ ಸೋದರತ್ತೆಯೇ?

ಇದಾಗಿ ಎಷ್ಟೋ ವರ್ಷದ ಮೇಲೆ, ನಾನು ಅದೇ ಊರಿನ ಶಾಲೆಯೊಂದರಲ್ಲಿ ಮೇಡಂ ಆಗಿದ್ದಾಗ, ಶಾಲೆಯ ಗ್ರೂಪ್ ಫೋಟೋ ತೆಗೆಯಲು ಅವರೇ ಬಂದರು. ಹಳೆಯ ಕಥೆ ಹೇಳಿದೆ. ಅವರಿಗೆ ನೆನಪಿರಲಿಲ್ಲ. “ಅಂಥವು ನೂರಾರು ಮಾಡಿದೀನಿ ಮೇಡಂ” ಎಂದು ತಲೆ ತಗ್ಗಿಸಿದರು. ಅಲ್ಲಿಂದ ನಮ್ಮಿಬ್ಬರ ಮಾತು ಬೆಳೆಯಿತು.

ಅವರು ಹುಡುಗನಾಗಿದ್ದಾಗ ಹಾಸನದ ಒಂದು ಸ್ಟುಡಿಯೋಗೆ ಕೆಲಸಕ್ಕೆ ಸೇರಿದವರು. ಮೊದಲ ಎರಡು ವರ್ಷ ಕ್ಯಾಮೆರಾ ಮುಟ್ಟಲಿಲ್ಲ. ನೀರು ಹೊರುವುದು, ಹೈಪೋ ಕರಗಿಸುವುದು, ಪ್ರಿಂಟುಗಳನ್ನು ತೊಳೆದು ಒಣಗಿಸುವುದು ಇಷ್ಟೇ. ಹೈಪೋ ವಾಸನೆಗೆ ಊಟ ಸೇರುತ್ತಿರಲಿಲ್ಲವಂತೆ. ಆಮೇಲೆ ಟ್ರೈಪಾಡ್ ಹೊತ್ತುಕೊಂಡು ಅರಕಲಗೂಡು, ಚನ್ನರಾಯಪಟ್ಟಣ ಎಂದು ಮದುವೆ ಮನೆ ಸುತ್ತಿದರು. ಕೊನೆಗೆ ಸಾಲ ಮಾಡಿ ಹೊಳೆನರಸೀಪುರದಲ್ಲಿ ಸ್ವಂತ ಸ್ಟುಡಿಯೋ ಇಟ್ಟರು.

ಅವರಿಗೆ ಹೆಸರು ತಂದದ್ದು ತಿದ್ದುವ ಕೆಲಸ. ಅದನ್ನು ನನಗೆ ಒಮ್ಮೆ ತೋರಿಸಿದರು. ಇಳಿಜಾರಿನ ಮೇಜು, ನಡುವೆ ಕಿಂಡಿ, ಕೆಳಗೊಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಮೇಲಿನ ನೆಗೆಟಿವ್ ಒಳಗಿಂದ ಹಾದು ಬರುತ್ತದೆ. ನೆಗೆಟಿವ್‌ಗೆ ಒಂದು ತೆಳುವಾದ ಅಂಟು ಸವರಿ, ಸೂಜಿಯಂತೆ ಚೂಪಾದ ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆಯಾಗಿ ತುಂಬಬೇಕು. ನೆಗೆಟಿವ್‌ನಲ್ಲಿ ಎಲ್ಲ ತಿರುಗಾಮುರುಗಾ ನೋಡಿ, ಅಲ್ಲಿ ಕಪ್ಪು ಹಚ್ಚಿದ ಜಾಗ ಕಾಗದದ ಮೇಲೆ ಬೆಳ್ಳಗಾಗುತ್ತದೆ. ಕಣ್ಣ ಕೆಳಗಿನ ಕಪ್ಪು, ಸಿಡುಬಿನ ಕಲೆ, ಹಣೆಯ ಗೆರೆ ಎಲ್ಲ ಮಾಯ. ನನ್ನನ್ನು ಬೆಳ್ಳಗೆ ಮಾಡಲು ಅವರು ಮುಖದ ತುಂಬ ಕಪ್ಪು ಮೆತ್ತಿದ್ದರು ಎಂದು ತಿಳಿದಾಗ ನನಗೆ ನಗು ಬಂತು. ನಕ್ಕಮೇಲೆ ಯಾಕೋ ಸಂಕಟವಾಯಿತು.

ಅವರ ಕೈ ತಡೆದದ್ದು ಅರಕಲಗೂಡಿನ ಕಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು. ಅವಳ ತಾಯಿ ತೀರಿಕೊಂಡಿದ್ದರು. ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಮಕ್ಕಳನ್ನು ಸಾಕಿದ ಆ ತಾಯಿಯ ಫೋಟೋ ಎಂದು ಇದ್ದದ್ದು ಒಂದೇ. ಯಾರದೋ ಮದುವೆಯ ಗ್ರೂಪಿನಲ್ಲಿ, ಕೊನೆಯ ಸಾಲಿನ ತುದಿಯಲ್ಲಿ, ಅರ್ಧ ಸೆರಗು ಮುಚ್ಚಿದ ಅವರೆಕಾಳಿನಷ್ಟು ಮುಖ. ಅದನ್ನು ದೊಡ್ಡದು ಮಾಡಿ ಗೋಡೆಗೆ ಹಾಕಿಕೊಡಬೇಕಿತ್ತು. ಇವರು ಎರಡು ರಾತ್ರಿ ಕೂತು, ಮಸುಕಾದದ್ದನ್ನೆಲ್ಲ ತಿದ್ದಿ, ಕಣ್ಣಿಗೆ ಹೊಳಪು ಕೊಟ್ಟು, ಸುಕ್ಕು ಅಳಿಸಿ, ಕಟ್ಟು ಹಾಕಿಸಿ ಇಟ್ಟರು. ಮಗಳು ಬಂದು ಬಹಳ ಹೊತ್ತು ನೋಡಿ, “ಸಂದಾಗೈತೆ ಸ್ವಾಮಿ, ಆದ್ರೆ ಇವ್ರು ನಮ್ಮವ್ವ ಅಲ್ಲ” ಎಂದಳು.

ಇವರಿಗೆ ಸಿಟ್ಟು ಬಂತಂತೆ. ಎರಡು ರಾತ್ರಿಯ ಕೆಲಸ! ಆದರೂ ಒಳಗೆ ಹೋಗಿ, ಮೂಲ ಚಿತ್ರದಿಂದ ಇನ್ನೊಂದು ಪ್ರಿಂಟ್ ಹಾಕಿದರು. ಈ ಸಲ ಪೆನ್ಸಿಲ್ ಮುಟ್ಟಲಿಲ್ಲ. ಮಂಜಿನಲ್ಲಿ ನಿಂತ ಹಾಗೆ, ಮರಳು ಮರಳಾಗಿ, ಅರ್ಧ ಕೆನ್ನೆ ಮಾತ್ರ ಕಾಣುವ ಮುಖ. ಅದನ್ನು ಕಂಡದ್ದೇ ಆ ಹೆಂಗಸು ಅಳತೊಡಗಿದಳು. ಒದ್ದೆ ಕಾಗದವನ್ನೇ ಕೇಳಿದಳಂತೆ, ಒಣಗುವವರೆಗೂ ಕಾಯದೆ.

“ಅವತ್ತು ನಂಗೆ ಗೊತ್ತಾಯ್ತು ಮೇಡಂ, ಅಷ್ಟು ವರ್ಷ ನಾನು ಒಂದೇ ಹೆಂಗಸಿನ ಫೋಟೋ ಮಾಡ್ತಿದ್ದೆ. ಯಾರೇ ಬಂದು ಕೂತ್ರೂ ಅವಳೇ ಹೊರಗೆ ಬರ್ತಿದ್ದಳು” ಎಂದರು.

ಈ ಮಾತು ಕೇಳಿದ ಮೇಲೆ ಬೇಲೂರಿಗೆ ಹೋದಾಗ ದರ್ಪಣಸುಂದರಿಯ ಎದುರು ನಾನು ಬೇರೆ ರೀತಿಯಲ್ಲಿ ನಿಂತೆ. ಎಂಥ ಸೊಬಗು! ಆದರೆ ಅವಳು ಯಾರ ಮಗಳು? ದಾಸೋಜ, ಚಾವಣರಂಥ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಟ್ಟು ಹೋದರು. ಕನ್ನಡಿ ಹಿಡಿದವಳಿಗೆ ಹೆಸರಿಲ್ಲ. ಮಾಸ್ತಿಕಲ್ಲುಗಳನ್ನು ನೋಡಿದ್ದೀರಲ್ಲ? ಕಲ್ಲಿನ ಕಂಬದಿಂದ ಮೇಲೆದ್ದ ಒಂದು ತೋಳು, ಅದರ ತುಂಬ ಬಳೆ. ಸತ್ತವಳ ಗುರುತಿಗೆ ಬಳೆಯ ಕೈ ಸಾಕಾಯಿತು. ಹೆಣ್ಣಿನ ರೂಪವನ್ನು ಕಲ್ಲಿನಲ್ಲಿ ಅಷ್ಟು ಕೆತ್ತಿದ ಸೀಮೆಯಲ್ಲಿ, ಇಂಥವಳ ಮುಖ ಇಂಥದೇ ಇತ್ತು ಎಂದು ಹೇಳುವ ಕಲ್ಲು ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಮಗಳು ಕೇಳಿದ್ದು ಅದನ್ನೇ ಅಲ್ಲವೇ?

ಹಾಗೆಂದು ಇದ್ದದ್ದನ್ನು ಇದ್ದ ಹಾಗೆ ತೆಗೆದರೆ ಸತ್ಯ ಸಿಕ್ಕಿಬಿಡುತ್ತದೆ ಎನ್ನುವಂತೆಯೂ ಇಲ್ಲ. 1993ರಲ್ಲಿ ಚುನಾವಣಾ ಆಯೋಗ ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂದು ಆದೇಶ ಮಾಡಿತು. ಜನ್ಮದಲ್ಲಿ ಕ್ಯಾಮೆರಾ ಮುಂದೆ ಕೂರದಿದ್ದ ಎಷ್ಟೋ ಅಜ್ಜಿಯರ ಮೊದಲ ಫೋಟೋ ಅದೇ. ಅದರಲ್ಲಿ ಪೆನ್ಸಿಲ್ ಇಲ್ಲ, ಪರದೆ ಇಲ್ಲ, ಸಾಲದ ಸೀರೆ ಇಲ್ಲ. ಆದರೂ ನಮ್ಮ ಅತ್ತೆ ಆ ಚೀಟಿ ನೋಡಿ, “ಇವಳು ಯಾವ ಕಳ್ಳಿಯೇ?” ಎಂದಿದ್ದರು! ಕ್ಷಣಮಾತ್ರದಲ್ಲಿ ಹೆದರಿದ ಮುಖವನ್ನು ಹಿಡಿದು ಇದೇ ನೀನು ಎಂದರೆ, ಅದೂ ಅನ್ಯಾಯವೇ. ಬೆಳ್ಳಗೆ ಮಾಡಿದ್ದು ಒಂದು ಸುಳ್ಳಾದರೆ, ನೋಡದೆಯೇ ಒತ್ತಿದ್ದು ಇನ್ನೊಂದು.

ಈ ಮಾತು ಅವರ ಮುಂದಿಟ್ಟೆ. ಅವರು ಉತ್ತರ ಹೇಳದೆ 1981ರ ಒಂದು ಫೋಟೋ ತಂದು ತೋರಿಸಿದರು. ಗೊಮ್ಮಟನನ್ನು ನಿಲ್ಲಿಸಿ ಸಾವಿರ ವರ್ಷವಾದ ಮಹಾಮಸ್ತಕಾಭಿಷೇಕ ಶ್ರವಣಬೆಳಗೊಳದಲ್ಲಿ ನಡೆದ ವರ್ಷ ಅದು. ಮೂರ್ತಿಯ ಚಿತ್ರ ತೆಗೆದು ಮಾರಿದರೆ ನಾಲ್ಕು ಕಾಸು ಆಗುತ್ತದೆಂದು ಹೋದವರು, ಮೂರ್ತಿಯ ಕಡೆ ಬೆನ್ನು ಮಾಡಿ ನಿಂತು ಮೇಲೆ ನೋಡುತ್ತಿದ್ದ ಮುದುಕಿಯರ ಮುಖ ತೆಗೆದುಕೊಂಡು ಬಂದಿದ್ದರು. ಹಾಲಿನಲ್ಲಿ ತೋಯುತ್ತಿದ್ದ ದೇವರನ್ನು ನೋಡುತ್ತಾ ತಮ್ಮನ್ನೇ ಮರೆತ ಮುಖಗಳು. ಒಬ್ಬಳಿಗೆ ಹಲ್ಲಿಲ್ಲ, ಒಬ್ಬಳಿಗೆ ಒಂದು ಕಣ್ಣು ಪೊರೆ. ಎಲ್ಲರೂ ಎಷ್ಟು ಚೆನ್ನಾಗಿದ್ದರು! “ಒಂದೂ ಮಾರಾಟವಾಗಲಿಲ್ಲ” ಎಂದು ನಕ್ಕರು. ಆದರೆ ಮುಂದಿನ ಅವರ ಕೆಲಸವೆಲ್ಲ ಅದರಿಂದಲೇ ಬೆಳೆಯಿತು. ಸ್ಟುಡಿಯೋದ ಅರಮನೆ ಪರದೆ ಸುತ್ತಿ ಅಟ್ಟಕ್ಕೆ ಹೋಯಿತು. ಮಾಡಿಗೆ ಗಾಜಿನ ಹೆಂಚು ಬಂತು. ಬಂದವರನ್ನು ಕೂರಿಸಿ, ಮಳೆ ಬೆಳೆ ಮಾತಾಡುತ್ತಾ, ಅವರು ಕ್ಯಾಮೆರಾ ಮರೆಯುವವರೆಗೂ ಕಾಯುವುದನ್ನು ಕಲಿತರು. “ಬಣ್ಣ ಬದಲಾಯಿಸಲ್ಲ, ಬೆಳಕು ಬದಲಾಯಿಸ್ತೀನಿ” ಎನ್ನುತ್ತಿದ್ದರು. ಇರುವ ಚೆಲುವನ್ನು ಹುಡುಕುವುದಕ್ಕೂ ಇಲ್ಲದ್ದನ್ನು ಅಂಟಿಸುವುದಕ್ಕೂ ನಡುವಿನ ಗೆರೆಯನ್ನು ಅವರು ಎಳೆದುಕೊಂಡದ್ದು ಹೀಗೆ.

ಇದರಿಂದ ಗಿರಾಕಿ ಕಡಿಮೆಯಾದರು, ಅದನ್ನೂ ಹೇಳಬೇಕು. ಮದುವೆಗೆ ಬಂದ ಹೆಣ್ಣುಮಕ್ಕಳ ತಾಯಂದಿರು, “ಆ ಮನುಷ್ಯ ಸ್ವಲ್ಪವೂ ನೋಡಿ ಮಾಡಲ್ಲ” ಎಂದು ಬೇರೆ ಸ್ಟುಡಿಯೋಗೆ ನಡೆದರು. ಆ ತಾಯಂದಿರನ್ನು ನಾನು ಹಳಿಯಲಾರೆ. ವರದಕ್ಷಿಣೆಯ ಪಟ್ಟಿ ಬಣ್ಣದ ಜೊತೆ ಏರಿಳಿಯುವ ಊರಲ್ಲಿ ತಾಯಿಗೆ ಪೆನ್ಸಿಲ್ಲಿನ ಒಂದು ಚುಕ್ಕೆಯೂ ಆಸರೆ. ಅವರ ಹಟಕ್ಕೆ ಬೆಲೆ ತೆತ್ತವರು ಅವರ ಹೆಂಡತಿ. ಕಾಲ ಬದಲಾಗಿ ಕಲರ್ ಲ್ಯಾಬುಗಳು ಬಂದ ಮೇಲೆ ಸಂಸಾರ ತೂಗಿಸಿದ್ದು ಆಕೆಯ ಹೊಲಿಗೆ ಯಂತ್ರ. ಒಬ್ಬರ ಕಲೆ ಶುದ್ಧವಾಗಿರಲು ಮನೆಯ ಇನ್ನೊಬ್ಬರು ಎಷ್ಟು ಪೆಡಲ್ ತುಳಿಯಬೇಕು ಎಂಬುದನ್ನು ಕಲೆಯ ಬಗ್ಗೆ ಬರೆಯುವವರು ಬರೆಯುವುದಿಲ್ಲ.

ದೊಡ್ಡವರಲ್ಲೂ ಈ ಹಟ ಕಾಣುತ್ತದೆ. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆಗೆ 1863ರಲ್ಲಿ ಮಗಳು ಕ್ಯಾಮೆರಾ ಕೊಟ್ಟಾಗ ಆಕೆಗೆ 48 ವರ್ಷ. ಚಿತ್ರ ಮಸುಕು ಎಂದು ತಿಳಿದವರು ಹಂಗಿಸಿದರೂ ಆಕೆ ತನಗೆ ಕಂಡ ಹಾಗೆಯೇ ಮುಖಗಳನ್ನು ತೆಗೆದಳು. ನಮ್ಮ ದೇಶದ ಹೋಮಾಯಿ ವ್ಯಾರವಾಲಾ, ಪತ್ರಿಕೆಗಳಿಗೆ ಫೋಟೋ ತೆಗೆದ ಮೊದಲ ಭಾರತೀಯ ಮಹಿಳೆ, ಹೊಸಬರ ನಡವಳಿಕೆಯಲ್ಲಿ ಘನತೆ ಉಳಿದಿಲ್ಲವೆನ್ನಿಸಿ 1970ರಲ್ಲಿ ಕ್ಯಾಮೆರಾವನ್ನೇ ಕೆಳಗಿಟ್ಟರು. ಮೈಸೂರಿನ ಟಿ.ಎಸ್. ಸತ್ಯನ್ ದೊಡ್ಡ ದೊಡ್ಡವರ ಚಿತ್ರ ತೆಗೆದವರಾದರೂ ಅವರ ಜೀವ ಇದ್ದದ್ದು ಬೀದಿಯ ಮಕ್ಕಳ, ಸಾಮಾನ್ಯರ ಮುಖಗಳಲ್ಲಿ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು.

ಇನ್ನೊಂದು ಮಾತು. ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ಅವರು ತೆಗೆದ ನಮ್ಮ ಸಾಹಿತಿಗಳ ಭಾವಚಿತ್ರಗಳನ್ನು ನೀವೂ ಕಂಡಿರುತ್ತೀರಿ. ಹಿರಿಯ ಲೇಖಕರ ಹಣೆಯ ಗೆರೆ ಕಂಡು ನಾವು ಎಂಥ ಅನುಭವ, ಎಂಥ ಚಿಂತನೆ ಎನ್ನುತ್ತೇವೆ. ಅದೇ ಗೆರೆ ನಮ್ಮ ಹಣೆಯಲ್ಲಿ ಕಂಡರೆ ವಯಸ್ಸಾಯಿತು ಎನ್ನುತ್ತೇವೆ. ನಮ್ಮ ಗೆರೆಗಳೂ ಯಾವುದೋ ಚಿಂತೆಯಿಂದಲೇ ಬಂದವಲ್ಲವೇ? ಫೀಸು ಕಟ್ಟುವ ಚಿಂತೆ, ಜ್ವರದ ಮಗುವಿನ ಚಿಂತೆ, ಬಾರದ ಕಾಗದದ ಚಿಂತೆ.

ಈಗ ಸ್ಟುಡಿಯೋ ಇಲ್ಲ, ಅವರೂ ಇಲ್ಲ. ಫೋಟೋ ತೆಗೆಯುವುದು ಎಲ್ಲರ ಅಂಗೈಯಲ್ಲಿದೆ. ಹೋದ ವರ್ಷ ಮೊಮ್ಮಗಳು ನನ್ನ ಪಕ್ಕ ಕೂತು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಳು. ನೋಡಿದರೆ ನಾನು ಬೆಳ್ಳಗೆ, ನುಣ್ಣಗೆ, 1978ರ ಹಾಗೆ! “ಅದು ತಾನಾಗೇ ಮಾಡುತ್ತೆ ಅಜ್ಜಿ” ಎಂದಳು. ಆ ಕಾಲದಲ್ಲಿ ಸುಳ್ಳಿಗೂ ಒಬ್ಬ ಮನುಷ್ಯ ಕತ್ತು ಬಗ್ಗಿಸಿ, ಕಣ್ಣು ನೋಯಿಸಿಕೊಂಡು ದುಡಿಯಬೇಕಿತ್ತು. ತಾಯಿ ಬಾಯಿಬಿಟ್ಟು ಕೇಳಬೇಕಿತ್ತು. ಈಗ ಕೇಳುವ ಮೊದಲೇ ಯಂತ್ರ ನೋಡಿ ಮಾಡುತ್ತದೆ. ಅದನ್ನು ತೆಗೆದುಹಾಕೇ ಎಂದರೆ ಮಗು ಸ್ವಲ್ಪ ಹೊತ್ತು ಸುಮ್ಮನಿದ್ದು, “ತೆಗೆದರೆ ನಾನು ಚೆನ್ನಾಗಿರಲ್ಲ” ಎಂದಿತು. ಹದಿನೈದು ವರ್ಷದ ಹುಡುಗಿ. ಅವಳಿಗೆ ನನ್ನದೇ ಬಣ್ಣ.

ಉಪದೇಶ ಮಾಡಲು ಬಾಯಿ ಬರಲಿಲ್ಲ. ಟ್ರಂಕ್ ತೆಗೆದು ಎರಡು ಫೋಟೋ ಅವಳ ಮುಂದಿಟ್ಟೆ. ಒಂದು ಅರಮನೆಯದು. ಇನ್ನೊಂದು, ನನಗೆ ನಲವತ್ತು ದಾಟಿದಾಗ ಅವರು ಶಾಲೆಯ ಕಿಟಕಿಯ ಬಳಿ ತೆಗೆದದ್ದು. ಗ್ರೂಪ್ ಫೋಟೋಕ್ಕೆ ಮಕ್ಕಳು ಸೇರುವವರೆಗೆ ನಾನು ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಯಾವುದೋ ಹುಡುಗನ ತಮಾಷೆಯ ಉತ್ತರ ಓದಿ ನಗು ಬರುತ್ತಿತ್ತು. ಕಪ್ಪಗಿದ್ದೇನೆ. ಕೆನ್ನೆಯ ಮೇಲೆ ಕಿಟಕಿಯ ಬೆಳಕು ಬಿದ್ದಿದೆ. ಪ್ರಿಂಟ್ ತಂದುಕೊಟ್ಟ ದಿನ ಅವರು ದುಡ್ಡು ಮುಟ್ಟಲಿಲ್ಲ. “ಹಳೇ ಬಾಕಿ ಇತ್ತಲ್ಲ ಮೇಡಂ” ಎಂದರು.

ಮೊಮ್ಮಗಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ಮೊದಲನೆಯದನ್ನು ಎತ್ತಿ, “ಇದು ಯಾರು ಅಜ್ಜಿ?” ಎಂದಳು.

“ನನ್ನ ಅಕ್ಕ” ಎಂದೆ.

ನಾನು ಹೋದ ಮೇಲೆ ಗೋಡೆಗೆ ಯಾವುದನ್ನು ಹಾಕಬೇಕೆಂದು ಮಕ್ಕಳಿಗೆ ಹೇಳಿಟ್ಟಿದ್ದೇನೆ. ಕಿಟಕಿಯದು. ಅದರಲ್ಲಿ ಏನನ್ನೂ ನೋಡಿ ಮಾಡುವುದು ಬೇಡ ಎಂದೂ ಹೇಳಿದ್ದೇನೆ.