ಮ್ಯೂಟ್ ಬಟನ್ ಮತ್ತು ಇಲಿಯ ಧೈರ್ಯ

ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅನ್ನೋ ಹಳೇ ಪ್ರಶ್ನೆಗೆ ಜೀವಶಾಸ್ತ್ರದವರ ಹತ್ರ ಒಂದು ಉತ್ತರ ಇದೆ. ಟಾಕ್ಸೋಪ್ಲಾಸ್ಮಾ ಹೊಕ್ಕ ಇಲಿ ಕಟ್ಟುತ್ತೆ. ಗಂಟೆ ಕಟ್ಟೋಕೆ ಮುಂಚೆ ಬೆಕ್ಕಿನ ಬಾಯಿಗೆ ಹೋಗುತ್ತೆ, ಅದು ಬೇರೆ ಮಾತು.

ಟಾಕ್ಸೋಪ್ಲಾಸ್ಮಾ ಗೊಂಡಿಯೈ ಅನ್ನೋದು ಒಂದೇ ಜೀವಕೋಶದ ಪರಾವಲಂಬಿ. ಎಷ್ಟೋ ಪ್ರಾಣಿಗಳ ಒಳಗೆ ಬದುಕಬಲ್ಲದು, ಆದರೆ ಅದರ ಲೈಂಗಿಕ ಸಂತಾನೋತ್ಪತ್ತಿ ನಡೆಯೋದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಇಲಿಯೊಳಗೆ ಸಿಕ್ಕಿಕೊಂಡಿದ್ದರೆ ಬೆಕ್ಕಿನವರೆಗೆ ತಲುಪೋಕೆ ಇರೋ ದಾರಿ ಒಂದೇ, ಆ ಇಲಿಯನ್ನು ಬೆಕ್ಕು ತಿನ್ನಬೇಕು. 2000ದಲ್ಲಿ ಆಕ್ಸ್‌ಫರ್ಡಿನಲ್ಲಿ ಮ್ಯಾನ್ಯುಯೆಲ್ ಬರ್ಡಾಯ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ದೊಡ್ಡ ಆವರಣ, ಒಂದೊಂದು ಮೂಲೆಗೆ ಒಂದೊಂದು ವಾಸನೆ. ಒಂದರಲ್ಲಿ ಇಲಿಯದೇ ವಾಸನೆ, ಒಂದರಲ್ಲಿ ಬರೀ ನೀರು, ಒಂದರಲ್ಲಿ ಮೊಲದ ಮೂತ್ರ, ಇನ್ನೊಂದರಲ್ಲಿ ಬೆಕ್ಕಿನ ಮೂತ್ರ. ಆರೋಗ್ಯವಾಗಿದ್ದ ಇಲಿಗಳು ಬೆಕ್ಕಿನ ಮೂಲೆಯಿಂದ ದೂರ ಉಳಿದವು. ಸೋಂಕು ತಗುಲಿದ ಇಲಿಗಳಿಗೆ ಆ ಹೆದರಿಕೆ ಇರಲಿಲ್ಲ, ಕೆಲವಂತೂ ಆ ಮೂಲೆಯನ್ನೇ ಇಷ್ಟಪಟ್ಟವು.

ಹಾರ್ಮೋನಿನ ವಿಷಯ ಬರೋದು ಇಲ್ಲಿ. ಅಜಯ್ ವ್ಯಾಸ್ ಅನ್ನೋ ವಿಜ್ಞಾನಿ ಮೊದಲು ಸ್ಟ್ಯಾನ್‌ಫರ್ಡಿನಲ್ಲಿ ರಾಬರ್ಟ್ ಸಪೋಲ್‌ಸ್ಕಿ ಜೊತೆ, ಆಮೇಲೆ ಸಿಂಗಪುರದಲ್ಲಿ, ಇದರ ಬೆನ್ನು ಹತ್ತಿದರು. ಸೋಂಕಿತ ಗಂಡು ಇಲಿಯಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚುತ್ತೆ. ಮಿದುಳಿನ ಅಮಿಗ್ಡಲ ಅನ್ನೋ ಭಾಗದಲ್ಲಿ ವಾಸೋಪ್ರೆಸಿನ್ ಹಾರ್ಮೋನಿನ ಜೀನ್ ಮೇಲಿನ ಬೀಗ ಸಡಿಲವಾಗುತ್ತೆ. ಹೆಣ್ಣಿಲಿಯ ವಾಸನೆಗೆ ಏಳಬೇಕಾದ ಮಿದುಳಿನ ದಾರಿ ಬೆಕ್ಕಿನ ವಾಸನೆಗೂ ಏಳುತ್ತೆ. ಸೋಂಕಿಗೆ ಮುಂಚೆಯೇ ಬೀಜ ತೆಗೆದ ಇಲಿಗಳಲ್ಲಿ ಭಯ ಹೋಗಲಿಲ್ಲ. ಅಂದ್ರೆ ಆ ಇಲಿಗೆ ಧೈರ್ಯ ಬಂದಿಲ್ಲ, ಪ್ರೇಮ ಬಂದಿದೆ. (ಇಷ್ಟು ಚಂದದ ಕತೆ ಪೂರ್ತಿ ನಿಜ ಇರಲಿಕ್ಕಿಲ್ಲ ಅಂತ ನಿಮಗೂ ಅನ್ನಿಸಿರಬೇಕು. 2020ರಲ್ಲಿ ಜಿನೀವಾದ ತಂಡ ನೋಡಿದಾಗ, ಸೋಂಕಿತ ಚುಂಚಿಲಿಗಳಿಗೆ ಬೆಕ್ಕಿನದೊಂದೇ ಅಲ್ಲ, ಒಟ್ಟಾರೆ ಹೆದರಿಕೆಯೇ ಕಡಿಮೆಯಾಗಿ ಕುತೂಹಲ ಜಾಸ್ತಿಯಾಗಿತ್ತು. ಮನುಷ್ಯರ ವಿಷಯದಲ್ಲಿ, ನ್ಯೂಜಿಲೆಂಡಿನ ಡ್ಯುನೀಡಿನ್‌ನಲ್ಲಿ 837 ಜನರನ್ನು ಪರೀಕ್ಷಿಸಿದವರಿಗೆ ಸೋಂಕಿಗೂ ಸ್ವಭಾವಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಮನೆಯಲ್ಲಿ ಬೆಕ್ಕಿದ್ದೋರು ಗಾಬರಿ ಆಗ್ಬೇಡಿ.)

ನಾನು ಇದನ್ನೆಲ್ಲ ಯಾಕೆ ಓದ್ತಾ ಕೂತೆ ಅಂದ್ರೆ, ಹೋದ ತಿಂಗಳು ಒಂದು ಕಾಲ್‌ನಲ್ಲಿ ನಾನು ಮ್ಯೂಟ್ ತೆಗೆದು, "ಅದು ನನ್ನ ತಪ್ಪು, ರಿವ್ಯೂ ಮಾಡಿದ್ದು ನಾನು" ಅಂದುಬಿಟ್ಟೆ. ಹದಿನಾರು ಜನ ಇದ್ದರು. ಆಮೇಲೆ ಒಬ್ಬ ಮೆಸೇಜ್ ಮಾಡಿದ, "ಏನ್ ಗುರೂ, ಗುಂಡಿಗೆ ನಿಂದು!" ಖುಷಿಯಾಗಿ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅಕ್ಕ ನಕ್ಕು, "ಮಾತ್ರೆ ಕೆಲಸ ಮಾಡ್ತಿದೆ ಕಣೋ" ಅಂದಳು.

ಅವಳು ತಮಾಷೆಗೆ ಅಂದಿದ್ದು. ಏಳು ತಿಂಗಳಿಂದ ಆತಂಕಕ್ಕೆ ಮಾತ್ರೆ ತಗೋತಿದೀನಿ ಅನ್ನೋದು ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಆದ್ರೂ ನನಗೆ ಸಿಟ್ಟು ಬಂತು. ಆ ವಾಕ್ಯ ಹೇಳಿದ್ದು ನಾನಾ, ಮಾತ್ರೆಯಾ? ಇಲಿಯ ಬಗ್ಗೆ ಕೇಳೋದಾದ್ರೆ ನಮಗೆ ಅನುಮಾನವೇ ಇಲ್ಲ. ಆ ಧೈರ್ಯ ಇಲಿದಲ್ಲ, ಒಳಗೆ ಕೂತಿರೋನದ್ದು ಅಂತೀವಿ.

ಹಾಗಾದ್ರೆ ತಾಯಿಲಿಯ ಧೈರ್ಯ ಯಾರದು? ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಮಾರ್ಟಾ ಮೊಯ್ಟಾ ಅವರ ತಂಡ 2017ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಪುದೀನಾ ಥರದ ವಾಸನೆ ಬಂದಾಗೆಲ್ಲ ಶಾಕ್ ಕೊಟ್ಟು ಅದಕ್ಕೆ ಹೆದರೋದನ್ನ ತಾಯಿಲಿಗಳಿಗೆ ಕಲಿಸಿದರು. ಒಂಟಿಯಾಗಿದ್ದಾಗ ಆ ವಾಸನೆ ಬಂದರೆ ತಾಯಿಲಿ ಇದ್ದಲ್ಲೇ ಮರಗಟ್ಟಿ ನಿಲ್ಲುತ್ತೆ. ಮರಿಗಳು ಜೊತೆಗಿದ್ದರೆ ನಿಲ್ಲಲ್ಲ. ವಾಸನೆ ಬರ್ತಿರೋ ಕೊಳವೆ ಮೇಲೇ ಎರಗುತ್ತೆ, ಇಲ್ಲಾ ಮರಿಗಳ ಹತ್ತಿರ ಹೋಗಿ ಅವನ್ನ ನೋಡಿಕೊಳ್ಳುತ್ತೆ. ಅಮಿಗ್ಡಲದಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನಿನ ಕೆಲಸ ತಡೆದರೆ ಅದೇ ತಾಯಿ, ಮರಿಗಳು ಮುಂದಿದ್ದರೂ, ಮರಗಟ್ಟಿ ನಿಲ್ಲುತ್ತೆ.

ಒಂದು ಇಲಿಗೆ ವಾಸೋಪ್ರೆಸಿನ್, ಇನ್ನೊಂದಕ್ಕೆ ಆಕ್ಸಿಟೋಸಿನ್. ಮಿದುಳಿನ ಭಾಗವೂ ಹೆಚ್ಚುಕಮ್ಮಿ ಅಕ್ಕಪಕ್ಕದ್ದೇ. ಒಂದನ್ನ ರೋಗ ಅಂತೀವಿ, ಇನ್ನೊಂದನ್ನ ತಾಯಿಕರುಳು ಅಂತೀವಿ. ಲಾಭ ಯಾರಿಗೆ ಅನ್ನೋದೇ ವ್ಯತ್ಯಾಸ ಅಂತ ಮೊದಲು ಅಂದುಕೊಂಡೆ. ಆದರೆ ಕೊಳವೆ ಮೇಲೆ ಎರಗೋ ತಾಯಿಗೆ ಆಗೋ ಲಾಭ ಏನು? ನಿಜವಾದ ಅಪಾಯವಾಗಿದ್ದರೆ ಸಾಯುತ್ತೆ. ನನಗೂ ಆ ಕಾಲ್‌ನಿಂದ ಲಾಭ ಏನೂ ಆಗಲಿಲ್ಲ, ಅಪ್ರೈಸಲ್ ನೋಡಿದ್ರೆ ಗೊತ್ತಾಗುತ್ತೆ. ಆದ್ರೂ ಆ ರಾತ್ರಿ, ಹೇಳಿದ್ದನ್ನ ವಾಪಸ್ ತಗೋಬಹುದಾ ಅಂತ ನನ್ನನ್ನೇ ಕೇಳಿಕೊಂಡೆ. ಬೇಡ ಅನ್ನಿಸಿತು. ಬೆಕ್ಕಿನ ಮುಂದೆ ನಿಂತ ಇಲಿಗೆ ಹೀಗೆ ಕೇಳಿಕೊಳ್ಳೋ ಅವಕಾಶ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿ ಉಳೀತಿದ್ದೆ. ಆದರೆ ಅದಕ್ಕೂ ಎರಡು ವರ್ಷ ಮುಂಚೆ ಇಂಥದೇ ಇನ್ನೊಂದು ಕಾಲ್ ಆಗಿತ್ತು. ಟೀಮಿಗೆ ಹೊಸದಾಗಿ ಬಂದಿದ್ದ ಹುಡುಗ ಒಂದು ಬದಲಾವಣೆ ಬರೆದಿದ್ದ. ನಾನೇ ನೋಡಿ "ಹಾಕು" ಅಂದಿದ್ದೆ. ರಾತ್ರಿ ಎಲ್ಲ ಕುಸಿದು ಬಿತ್ತು. "ಇದನ್ನ ಯಾರು ನೋಡಿದ್ದು?" ಅಂತ ಮೇಲಿನವರು ಕೇಳಿದರು. ಅವನು ಸುಮ್ಮನಿದ್ದ, ನಾನು ಹೇಳ್ತೀನಿ ಅಂತ ಕಾದನೋ ಏನೋ. ನನ್ನ ಬೆರಳು ಮ್ಯೂಟ್ ಬಟನ್ ಮೇಲೇ ಇತ್ತು, ಒತ್ತಲಿಲ್ಲ. ಮೂರು ತಿಂಗಳಿಗೆ ಅವನ ಕಾಂಟ್ರ್ಯಾಕ್ಟ್ ಮುಗೀತು, ಮುಂದುವರಿಸಲಿಲ್ಲ. ಹೋಗುವಾಗ "ತುಂಬಾ ಕಲಿತೆ ಅಣ್ಣಾ, ಥ್ಯಾಂಕ್ಸ್" ಅಂದ.

ಇದಕ್ಕೂ ನನ್ನ ಹತ್ರ ಇಲಿ ಇದೆ, ಅದೂ ಬೆಂಗಳೂರಿನದೇ. ಇದೇ ಅಜಯ್ ವ್ಯಾಸ್, ಸುಮಂತ್ರ ಚಟರ್ಜಿ ಮತ್ತಿತರರು ಇಲ್ಲಿನ ಎನ್‌ಸಿಬಿಎಸ್‌ನಲ್ಲಿ, ನಿಮ್ಹಾನ್ಸ್‌ನವರ ಜೊತೆ ಸೇರಿ ಮಾಡಿದ ಕೆಲಸ 2002ರಲ್ಲಿ ಪ್ರಕಟವಾಯ್ತು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲ್ಲಾಡದ ಹಾಗೆ ಕಟ್ಟಿಹಾಕಿದರು. (ಔಟರ್ ರಿಂಗ್ ರೋಡಿನಲ್ಲಿ ದಿನಾ ಓಡಾಡೋರು ಲೆಕ್ಕ ಹಾಕ್ಕೊಳ್ಳಿ.) ನೆನಪಿಗೆ ಬೇಕಾದ ಹಿಪೋಕ್ಯಾಂಪಸ್‌ನಲ್ಲಿ ನರಕೋಶಗಳ ಕೊಂಬೆಗಳು ಒಣಗಿದಂತೆ ಕುಗ್ಗಿದವು, ಭಯದ ಮನೆಯಾದ ಅಮಿಗ್ಡಲದಲ್ಲಿ ಕೊಂಬೆಗಳು ಬೆಳೆದವು. ಮುಂದೆ ನಡೆದ ಇನ್ನೊಂದು ಅಧ್ಯಯನದಲ್ಲಿ ಇಲಿಗಳಿಗೆ 21 ದಿನ ಬಿಡುವು ಕೊಟ್ಟು ನೋಡಿದರು. ಹಿಪೋಕ್ಯಾಂಪಸ್ ಸರಿಹೋಗಿತ್ತು, ಅಮಿಗ್ಡಲದಲ್ಲಿ ಬೆಳೆದದ್ದು ಹಾಗೇ ಇತ್ತು.

ಇದನ್ನ ಓದಿದ ದಿನ ಎದೆ ಹಗುರಾಯ್ತು. ಓ, ಹಾಗಾದ್ರೆ ಅವತ್ತು ಸುಮ್ಮನಿದ್ದಿದ್ದು ನಾನಲ್ಲ, ನನ್ನ ಅಮಿಗ್ಡಲ! ಎಷ್ಟೋ ರಾತ್ರಿಗಳ ಆನ್‌ಕಾಲ್ ಡ್ಯೂಟಿ, ಕೊಂಬೆ ಬೆಳೆಯದೆ ಇರುತ್ತಾ? ಆದರೆ ಮಾರನೇ ದಿನ ಸ್ನಾನ ಮಾಡುವಾಗ ಲೆಕ್ಕ ತಾಳೆ ಆಗಲಿಲ್ಲ. ಮಾತಾಡಿದ ದಿನದ ಧೈರ್ಯವನ್ನ ಮಾತ್ರೆಗೆ ಬಿಟ್ಟುಕೊಡೋಕೆ ಆಗದೆ ಅಕ್ಕನ ಮೇಲೆ ಸಿಟ್ಟಾದೋನು, ಸುಮ್ಮನಿದ್ದ ದಿನದ ಹೇಡಿತನವನ್ನ ಅಮಿಗ್ಡಲಕ್ಕೆ ಎಷ್ಟು ಸುಲಭವಾಗಿ ಬಿಟ್ಟುಕೊಟ್ಟೆ! ಎರಡೂ ರಸಾಯನವಾದರೆ ಎರಡೂ ರಸಾಯನ. ಎರಡೂ ನಾನಾದರೆ ಎರಡೂ ನಾನು. ಒಂದನ್ನ ಇಟ್ಟುಕೊಂಡು ಇನ್ನೊಂದನ್ನ ವಾಪಸ್ ಕೊಡೋಕೆ ಇದೇನು ಆನ್‌ಲೈನ್ ಶಾಪಿಂಗಾ?

ಜೊತೆಗೆ, ನಾನು ಇಷ್ಟೆಲ್ಲ ತತ್ವಶಾಸ್ತ್ರ ಮಾಡ್ತಿದ್ದಾಗ ಆ ಹುಡುಗ ಎಲ್ಲೂ ಬರಲೇ ಇಲ್ಲ. ಮ್ಯೂಟ್ ಒತ್ತದೇ ಇದ್ದದ್ದಕ್ಕೆ ಕಾರಣ ಯಾವ ನರಕೋಶ ಅನ್ನೋದರಿಂದ ಅವನಿಗೆ ಆಗಬೇಕಾದ್ದು ಏನೂ ಇಲ್ಲ. ಕೆಲಸ ಹೋಗಿದ್ದು ಅವನದು.

ಬರೋ ವಾರದಿಂದ ಡೋಸ್ ಕಡಿಮೆ ಮಾಡೋಣ ಅಂದಿದ್ದಾರೆ ಡಾಕ್ಟರ್. ಅವನಿಗೆ ಫೋನ್ ಮಾಡೋದಿದ್ರೆ ಮಾತ್ರೆ ಪೂರ್ತಿ ಇರುವಾಗಲೇ ಮಾಡ್ಲಾ, ಕಡಿಮೆ ಆದ್ಮೇಲೆ ನನ್ನದೇ ಧೈರ್ಯದಿಂದ ಮಾಡ್ಲಾ ಅಂತ ಮೂರು ದಿನ ಯೋಚಿಸಿದೆ. ಆಮೇಲೆ, ಇದೂ ಮ್ಯೂಟ್ ಬಟನ್ ಮೇಲೆ ಬೆರಳಿಟ್ಟು ಕೂತಿರೋದೇ ಅನ್ನಿಸಿತು. ಅವನ ನಂಬರ್ ಹಳೇ ಟೀಮ್ ಗ್ರೂಪಿನಲ್ಲಿ ಇನ್ನೂ ಇದೆ. ಇವತ್ತು ಶನಿವಾರ, ಹನ್ನೊಂದು ಗಂಟೆ. ಇಷ್ಟು ಹೊತ್ತಿಗೆ ಎದ್ದಿರ್ತಾನೆ.